ಮದುವೆ ಔತಣದಲ್ಲಿ ನೀರಿನ ಲೋಟ: ತಿಳಿದಿರಬೇಕಾದ ಅದಬ್‌ಗಳು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮದುವೆ ಹಾಲ್‌ಗಳಲ್ಲಿ ಬಿರಿಯಾನಿಗಿಂತ ಮೊದಲು ಕೈಗೆ ಬರುವುದು ಶರಬತ್ತಿನ ಗ್ಲಾಸ್. ಊಟದಂತೆ ಕುಡಿಯುವುದಕ್ಕೂ ಇಸ್ಲಾಮಿನಲ್ಲಿ ಅದಬ್ ಇದೆ. ಅದರ ತಿರುಳು ಇಷ್ಟೇ: ನಾವು ಕುಡಿಯುವುದರಿಂದ ಪಕ್ಕದವರಿಗೆ ತೊಂದರೆ ಆಗಬಾರದು, ಅವರ ಹಕ್ಕು ತಪ್ಪಬಾರದು.

ಕುಡಿಯುವಾಗ: ಬಿಸ್ಮಿಲ್ಲಾಹ್ ಹೇಳಿ ಬಲಗೈಯಲ್ಲಿ ಕುಡಿಯಬೇಕು. ಅನ್ನದ ಕೈ ಎಂದು ಎಡಗೈ ಬಳಸುವ ಬದಲು ಬೆರಳು ಒರೆಸಿಕೊಂಡರಾಯಿತು. ಮೂರು ಉಸಿರಿನಲ್ಲಿ ಕುಡಿಯುವುದು ಸುನ್ನತ್. ಪ್ರತಿ ಸಲ ಲೋಟವನ್ನು ಬಾಯಿಯಿಂದ ದೂರ ಮಾಡಿ ಉಸಿರು ಬಿಡಬೇಕು. ಲೋಟದೊಳಗೆ ಉಸಿರು ಬಿಡುವುದನ್ನು, ಊದುವುದನ್ನು ಪ್ರವಾದಿ (ಸ)ರು ತಡೆದಿದ್ದಾರೆ. ಮುಗಿದ ಮೇಲೆ ಅಲ್‌ಹಮ್ದುಲಿಲ್ಲಾಹ್.

ಕುಳಿತೋ, ನಿಂತೋ?: ಕುಳಿತು ಕುಡಿಯುವುದೇ ಉತ್ತಮ. ಆದರೆ ಪ್ರವಾದಿ (ಸ)ರು ಝಮ್‌ಝಮ್ ನೀರನ್ನು ನಿಂತು ಕುಡಿದದ್ದೂ ಹದೀಸ್‌ನಲ್ಲಿದೆ. ಕುರ್ಚಿ ಸಿಗದೆ ನಿಂತು ಕುಡಿದವರನ್ನು ಎಲ್ಲರೆದುರು ಗದರಿಸುವುದು ಅದಬ್ ಅಲ್ಲ.

ಬಡಿಸುವಾಗ: ಬಲಭಾಗದಿಂದ ಕೊಡುತ್ತಾ ಹೋಗಬೇಕು. ಒಮ್ಮೆ ಪ್ರವಾದಿ (ಸ)ರ ಬಲಕ್ಕೆ ಒಬ್ಬ ಹುಡುಗ, ಎಡಕ್ಕೆ ಹಿರಿಯರು ಇದ್ದರು. ಹಿರಿಯರಿಗೆ ಮೊದಲು ಕೊಡಲು ಅವರು ಹುಡುಗನ ಅನುಮತಿ ಕೇಳಿದರು. ಹುಡುಗ ಒಪ್ಪಲಿಲ್ಲ, ಅವನಿಗೇ ಕೊಟ್ಟರು. ವಿಐಪಿ ಟೇಬಲ್‌ಗೆ ಮೂರು ಸಲ ಜಗ್ ಹೋಗಿ, ಮೂಲೆಯಲ್ಲಿ ಕುಳಿತ ಮಕ್ಕಳಿಗೆ ನೀರೇ ಸಿಗದ ಮದುವೆಗಳಲ್ಲಿ ಇದು ನೆನಪಿರಬೇಕು. ಬಡಿಸುವವರು ಕೊನೆಗೆ ಕುಡಿಯಬೇಕು ಎಂಬುದೂ ಹದೀಸ್‌ನ ಪಾಠ.

ಎಲ್ಲರ ಜಗ್‌ಗೆ ಬಾಯಿ ಇಡಬೇಡಿ: ನೀರಿನ ಚರ್ಮದ ಚೀಲಕ್ಕೆ ನೇರವಾಗಿ ಬಾಯಿ ಹಚ್ಚಿ ಕುಡಿಯುವುದನ್ನು ಪ್ರವಾದಿ (ಸ)ರು ತಡೆದಿದ್ದರು. ಇಂದಿನ ಜಗ್, ದೊಡ್ಡ ಬಾಟಲಿಗಳಿಗೂ ಇದನ್ನು ಅನ್ವಯಿಸಿಕೊಳ್ಳಬಹುದು.

ಮನೆಯವರ ಜವಾಬ್ದಾರಿ: ಕಾಮಾಲೆ ತರುವ ಹೆಪಟೈಟಿಸ್ ಎ ಕಲುಷಿತ ನೀರು, ಆಹಾರದಿಂದ ಹರಡುತ್ತದೆ. ಶರಬತ್ತಿಗೆ ಕುದಿಸಿ ಆರಿಸಿದ ನೀರನ್ನೇ ಬಳಸಿ. ಐಸ್ ಕೂಡ ಶುದ್ಧ ನೀರಿನದ್ದೇ ಆಗಿರಲಿ. ಲೋಟಗಳನ್ನು ಒಂದೇ ಬಕೆಟ್ ನೀರಲ್ಲಿ ಅದ್ದಿ ತೆಗೆದರೆ ಸಾಲದು, ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು.

ಯಾವ ಲೋಟ?: ಚಿನ್ನ, ಬೆಳ್ಳಿಯ ಪಾತ್ರೆಯಲ್ಲಿ ಕುಡಿಯುವುದು ಗಂಡಸರಿಗೂ ಹೆಂಗಸರಿಗೂ ನಿಷಿದ್ಧ. ಮದುಮಗನಿಗೆಂದು ಬೆಳ್ಳಿ ಲೋಟ ಇಡುವುದಕ್ಕೂ ಇದು ಅನ್ವಯ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಗ್ಲಾಸ್‌ಗಳಿಗೆ ಕೇರಳದಲ್ಲಿ 2020ರ ಜನವರಿ 1ರಿಂದ, ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧವಿದೆ. ಸ್ಟೀಲ್ ಲೋಟ ಬಾಡಿಗೆಗೆ ತಂದರೆ ಕಾನೂನೂ ಪಾಲನೆಯಾಗುತ್ತದೆ, ಕಸವೂ ಕಡಿಮೆ.

ಪೋಲು ಬೇಡ: ತಿನ್ನಿ, ಕುಡಿಯಿರಿ, ದುಂದು ಮಾಡಬೇಡಿ ಎಂಬುದು ಕುರ್‌ಆನಿನ ಆದೇಶ. ಅರ್ಧ ಲೋಟ ಹಾಕಿಸಿಕೊಳ್ಳಿ, ಬೇಕಾದರೆ ಮತ್ತೆ ಕೇಳಿ. ಎರಡು ಗುಟುಕು ಕುಡಿದು ಬಿಟ್ಟ ಲೋಟದ ನೀರನ್ನು ಇನ್ನೊಬ್ಬರಿಗೆ ಕೊಡಲಾಗದು, ಅದು ಚರಂಡಿಗೇ ಹೋಗುತ್ತದೆ.