ವರ್ತಕರ ಪ್ರಯಾಣ ಮತ್ತು ಸಾಗರೋತ್ತರ ವಾಣಿಜ್ಯ: 12ನೇ ಶತಮಾನದ ಮಂಗಳೂರು

ವರ್ತಕ ತಾನೇ ಕಡಲು ದಾಟಿ ಹೋಗಿ, ಪರವೂರಿನಲ್ಲಿ ನೆಲೆ ನಿಂತು, ಎರಡು ದಡಗಳ ನಡುವೆ ನಂಬಿಕೆ ಬೆಳೆಸಿದ್ದಕ್ಕೆ ಮಂಗಳೂರು ಮತ್ತು ಯೆಮೆನ್‌ನ ಏಡನ್ ಬಂದರಿನ ನಡುವಿನ ವ್ಯಾಪಾರ ಸ್ಪಷ್ಟ ನಿದರ್ಶನ. ಆಳುಪರ ಕಾಲದ ಮಂಗಳೂರಿಗೆ ಬಂದ ಅಬ್ರಹಾಂ ಬೆನ್ ಯಿಜು, ಇಂದಿನ ಟುನೀಷಿಯಾದ ಮಹ್ದಿಯಾ ಪಟ್ಟಣದ ಯಹೂದಿ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಈತ 1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಬರೆದ ಪತ್ರ ಉಳಿದುಬಂದಿದೆ. ಈತನ ಮಕ್ಕಳ ತಾಯಿ ಆಕೆಯೇ ಎಂಬುದು ವಿದ್ವಾಂಸರ ಊಹೆ. 1149ರಲ್ಲಿ ಮಕ್ಕಳೊಂದಿಗೆ ಏಡನ್‌ಗೆ ಮರಳಿದ.

ಹಾಯಿ ಹಡಗುಗಳು ಮಾರುತಗಳಿಗೆ ಕಾದು ಹೊರಡಬೇಕಿದ್ದುದರಿಂದ ಹೋಗಿಬರುವುದು ವರ್ಷಕ್ಕೊಮ್ಮೆ ಮಾತ್ರ ಸಾಧ್ಯವಿತ್ತು. ಹಾಗಾಗಿ ಇಲ್ಲೇ ಇದ್ದು ಸರಕು ನೋಡಿ ಕೊಳ್ಳುವವನೊಬ್ಬ ಏಡನ್ನಿನ ವರ್ತಕರಿಗೆ ಬೇಕಿತ್ತು. ಬೆನ್ ಯಿಜು ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳುಹಿಸುತ್ತಿದ್ದ. ಕಂಚಿನ ಕಾರ್ಖಾನೆಯನ್ನೂ ನಡೆಸಿದ. ಏಡನ್ನಿನಿಂದ ಬಂದ ಹಳೆಯ, ಒಡೆದ ಪಾತ್ರೆಗಳು ಇಲ್ಲಿ ಕರಗಿ, ಕೇಳಿದ ಅಳತೆಯ ಹೊಸ ಪಾತ್ರೆಗಳಾಗಿ ಹಿಂತಿರುಗುತ್ತಿದ್ದವು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ಉಡುಗೊರೆಯಾಗಿ ಬರುತ್ತಿದ್ದವು. ಏಡನ್ನಿನ ವರ್ತಕರ ಮುಖ್ಯಸ್ಥ ಮದ್ಮೂನ್ ಮೆಣಸಿನ ಧಾರಣೆಯ ಸುದ್ದಿ ಬರೆದು, ಮಂಗಳೂರಿನ ಇತರ ವ್ಯಾಪಾರಿಗಳಿಗೂ ತಿಳಿಸಲು ಹೇಳುತ್ತಿದ್ದ.

ಅಪಾಯವೂ ಕಡಿಮೆಯಿರಲಿಲ್ಲ. ಒಮ್ಮೆ ಬೆನ್ ಯಿಜುವಿನ ಸರಕು ಹೊತ್ತ ಹಡಗು ಏಡನ್ ಬಳಿಯ ಕಡಲಲ್ಲಿ ಮುಳುಗಿತು. ಮೆಣಸು ಪೂರ್ತಿ ಹೋಯಿತು; ಮುಳುಗುಗಾರರು ತಳಕ್ಕಿಳಿದು ಕಬ್ಬಿಣದಲ್ಲಿ ಅರ್ಧದಷ್ಟನ್ನು ಮೇಲೆತ್ತಿದರು. ಆ ಲೆಕ್ಕವನ್ನು ಏಡನ್ನಿನ ಪಾಲುದಾರ ಪತ್ರದಲ್ಲಿ ಬರೆದು ಒಪ್ಪಿಸಿದ್ದಾನೆ. ಕಣ್ಣಿಗೆ ಕಾಣದ ಸರಕಿನ ಬಗ್ಗೆ ಹೀಗೆ ಪ್ರಾಮಾಣಿಕವಾಗಿ ಲೆಕ್ಕ ಕೊಡುವವರು ಇದ್ದುದರಿಂದಲೇ ಈ ವ್ಯಾಪಾರ ಬಾಳಿತು.

ಪ್ರಯಾಣ ಒಂದೇ ದಿಕ್ಕಿನದಾಗಿರಲಿಲ್ಲ. ಬೆನ್ ಯಿಜುವಿನ ದಾಸನೂ ವ್ಯವಹಾರದ ಪ್ರತಿನಿಧಿಯೂ ಆಗಿದ್ದವನೊಬ್ಬ ಸರಕಿನೊಂದಿಗೆ ಏಡನ್‌ಗೆ ಹೋಗಿಬಂದ. ಆತನ ಹೆಸರನ್ನು ತುಳುನಾಡಿನ ‘ಬೊಮ್ಮ’ ಎಂದು ಗುರುತಿಸಿದವರು ಲೇಖಕ ಅಮಿತಾವ್ ಘೋಷ್. ಒಡೆಯನ ಹೆಸರಿನಲ್ಲಿ ದೂರದೇಶದಲ್ಲಿ ವ್ಯವಹರಿಸಿದ ಇಂಥವರಿಗೆ ವಾಣಿಜ್ಯ ಚರಿತ್ರೆಯಲ್ಲಿ ಇನ್ನೂ ತಕ್ಕ ಸ್ಥಾನ ಸಿಕ್ಕಿಲ್ಲ.

ಹೀಬ್ರೂ ಲಿಪಿಯಲ್ಲಿ ಅರಬ್ಬಿ ಭಾಷೆಯಲ್ಲಿ ಬರೆದ ಈ ಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗಿನ ಹಳೆಯ ಕಾಗದಗಳ ಕೋಣೆಯಲ್ಲಿ ಉಳಿದಿದ್ದವು. 20ನೇ ಶತಮಾನದಲ್ಲಿ ಎಸ್. ಡಿ. ಗೊಯಿಟೈನ್ ಅವುಗಳನ್ನು ಓದಿ ಹೊಂದಿಸಿದರು. ಕರಾವಳಿಯ ಚರಿತ್ರೆ ಬರೆಯುವವರು ಶಾಸನಗಳ ಜೊತೆಗೆ ಇವನ್ನೂ ಓದಬೇಕು.