‘ಫೇಮಸ್’: ನಿಂದೆಯಿಂದ ಕೀರ್ತಿಗೆ ಸಾಗಿದ ಗುಣವಾಚಕವೊಂದರ ಅರ್ಥಚರಿತ್ರೆ

ಇಂಗ್ಲಿಷಿನ ‘ಫೇಮಸ್’ ಎಂಬ ಗುಣವಾಚಕಕ್ಕೆ ‘ಪ್ರಸಿದ್ಧ’ ಎಂಬ ಸಮಾನಪದವನ್ನು ನಾವು ನಿಶ್ಶಂಕೆಯಿಂದ ಬಳಸುತ್ತೇವೆ. ಇದೇ ಅರ್ಥವನ್ನು ಹಿಂದಕ್ಕೆ ಒಯ್ದು ರೋಮನ್ ಕಾನೂನಿನ ‘ಲಿಬೆಲ್ಲುಸ್ ಫಾಮೋಸುಸ್’ ಎಂಬ ಪರಿಭಾಷೆಯನ್ನು ‘ಪ್ರಸಿದ್ಧ ಹೊತ್ತಗೆ’ ಎಂದು ಓದಿದರೆ ಮಾತ್ರ ಅಪಾರ್ಥವಾಗುತ್ತದೆ. ಅದು ಮಾನಹಾನಿಕರ ಬರಹವನ್ನು ಸೂಚಿಸುತ್ತದೆ. ಈ ಅಂತರ ಉಂಟಾದ ಬಗೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

ಲ್ಯಾಟಿನ್ನಿನ ‘ಫಾಮಾ’ ನಾಮಪದವು ‘ನುಡಿ’ ಎಂಬರ್ಥದ ‘ಫಾರಿ’ ಕ್ರಿಯಾಪದಕ್ಕೆ ಸಂಬಂಧಿಸಿದ್ದು. ಗಾಳಿಸುದ್ದಿ, ಹೆಸರು, ಅಪವಾದ ಮೂರೂ ಅದರ ಅರ್ಥವ್ಯಾಪ್ತಿಯಲ್ಲಿದ್ದವು. ವರ್ಜಿಲನ ‘ಈನೀಡ್’ ಕಾವ್ಯದ 4ನೆಯ ಭಾಗದಲ್ಲಿ ಫಾಮಾ ಹಲವು ಕಣ್ಣು, ಕಿವಿ, ನಾಲಗೆಗಳ ಭೀಕರ ಜೀವಿ. ಇದರಿಂದ ನಿಷ್ಪನ್ನವಾದ ‘ಫಾಮೋಸುಸ್’ ಪದಕ್ಕೆ ಕನ್ನಡದ ‘ಜನರ ಬಾಯಿಗೆ ಬಿದ್ದ’ ಎಂಬ ನುಡಿಗಟ್ಟೇ ಹತ್ತಿರದ್ದು. ಆರಂಭದ ಪ್ರಯೋಗಗಳಲ್ಲಿ ನಿಂದಾರ್ಥವೇ ಪ್ರಧಾನ; ಪ್ರಶಂಸಾರ್ಥ ಬೇರೂರಿದ್ದು ಆಗಸ್ಟಸನ ಕಾಲದ ಅನಂತರ.

ಫ್ರೆಂಚಿನ ಮೂಲಕ ಈ ಪದ 14ನೆಯ ಶತಮಾನದ ಉತ್ತರಾರ್ಧದ ವೇಳೆಗೆ ಇಂಗ್ಲಿಷಿಗೆ ಬಂದಿತ್ತು. ಆ ಕಾಲದ ಚಾಸರನ ‘ದ ಹೌಸ್ ಆಫ್ ಫೇಮ್’ ಕಾವ್ಯದಲ್ಲಿ ಫೇಮ್ ದೇವಿ ಕೀರ್ತಿ, ಅಪಕೀರ್ತಿಗಳೆರಡನ್ನೂ ಅರ್ಹತೆಯನ್ನು ಲೆಕ್ಕಿಸದೆ ಹಂಚುತ್ತಾಳೆ. ಷೇಕ್ಸ್‌ಪಿಯರನ ‘ಆಂಟನಿ ಅಂಡ್ ಕ್ಲಿಯೋಪಾತ್ರ’ ನಾಟಕದಲ್ಲಿ ಕಡಲುಗಳ್ಳರಿಗೂ ಇದೇ ವಿಶೇಷಣ ಸಲ್ಲುತ್ತದೆ. 1605ರ ಇಂಗ್ಲೆಂಡಿನ ಮಾನಹಾನಿ ಮೊಕದ್ದಮೆಯೊಂದು ‘ದೆ ಲಿಬೆಲ್ಲಿಸ್ ಫಾಮೋಸಿಸ್’ ಎಂಬ ಹೆಸರಿನಿಂದಲೇ ದಾಖಲಾಗಿದೆ. ಸಾಮಾನ್ಯ ಬಳಕೆಯಲ್ಲಿ ಪ್ರಶಂಸಾರ್ಥ ನೆಲೆಗೊಳ್ಳುತ್ತಿದ್ದಾಗಲೂ ಕಾನೂನಿನ ಲ್ಯಾಟಿನ್ ಹಳೆಯ ಅರ್ಥವನ್ನು ಕಾಪಾಡಿಕೊಂಡಿತ್ತು. ಇಂದು ಆ ನಿಂದಾರ್ಥದ ಹೊಣೆಯನ್ನು ‘ಇನ್‌ಫಮಸ್’, ‘ಡಿಫೇಮ್’ ಎಂಬ ಬಂಧುಪದಗಳು ಹೊತ್ತಿವೆ.

‘ನಟೋರಿಯಸ್’ ಪದದ ಹಾದಿ ಇದಕ್ಕೆ ವಿರುದ್ಧ. ‘ತಿಳಿದ’ ಎಂಬರ್ಥದ ಲ್ಯಾಟಿನ್ ‘ನೋತುಸ್’ ಅದರ ಮೂಲ. ಪಾಪಿ, ಕಳ್ಳ ಮುಂತಾದ ನಾಮಪದಗಳ ನಿರಂತರ ಸಹಪ್ರಯೋಗದಿಂದ ಅದು ‘ಕುಖ್ಯಾತ’ ಎಂಬ ಅರ್ಥಕ್ಕೆ ಇಳಿಯಿತು. ಆದರೂ ಆಸ್ತಿ ಕಾನೂನಿನ ಪ್ರತಿಕೂಲ ಸ್ವಾಧೀನದ ಸಂದರ್ಭದಲ್ಲಿ ಅದು ಇಂದಿಗೂ ‘ಎಲ್ಲರಿಗೂ ತಿಳಿಯುವಂತಹ’ ಎಂಬ ತಟಸ್ಥಾರ್ಥವನ್ನೇ ಉಳಿಸಿಕೊಂಡಿದೆ.

ಒಂದು ಅರ್ಥೋತ್ಕರ್ಷ, ಇನ್ನೊಂದು ಅರ್ಥಾಪಕರ್ಷ; ಎರಡರ ಆರಂಭವೂ ‘ಜನರಿಗೆ ತಿಳಿದಿರುವಿಕೆ’ಯೇ. ಆದ್ದರಿಂದ ಧಾತುವನ್ನು ಗುರುತಿಸಿದ ಮಾತ್ರಕ್ಕೆ ಪದದ ಮೌಲ್ಯ ತಿಳಿಯದು ಎಂಬುದು ನಮ್ಮ ನಿಲುವು. ಕನ್ನಡದ ‘ಖ್ಯಾತ’, ‘ಕುಖ್ಯಾತ’ಗಳಲ್ಲಿ ಆ ಭೇದವನ್ನು ಉಪಸರ್ಗವೇ ಸಾರುತ್ತದೆ. ‘ಫೇಮಸ್’, ‘ನಟೋರಿಯಸ್’ಗಳಲ್ಲಿ ಅದನ್ನು ಪ್ರಯೋಗಚರಿತ್ರೆಯಿಂದಷ್ಟೇ ಅರಿಯಬೇಕು, ಹಳೆಯ ಪಠ್ಯಗಳ ಅನುವಾದಕರು ನಿಘಂಟಿನ ಮೊದಲ ಅರ್ಥಕ್ಕೇ ನಿಲ್ಲುವಂತಿಲ್ಲ.