‘ಅಮುಕ’ ಶಬ್ದವೂ ಪತ್ರಲೇಖನದ ಮಾದರಿಗಳೂ

ಹೆಸರು, ಊರು, ತಿಥಿಗಳಿಗೆ ಎಡೆಬಿಟ್ಟು ಮಿಕ್ಕ ಒಕ್ಕಣೆಯನ್ನು ಮೊದಲೇ ಸಿದ್ಧಪಡಿಸಿಡುವ ಪದ್ಧತಿಯು ಅಚ್ಚಿನ ನಮೂನೆಗಳೊಡನೆ ಹುಟ್ಟಿತೆಂಬ ಭಾವನೆಯುಂಟು. ಆದರೆ ಭರತಖಂಡದಲ್ಲಿ ಅದು ಬಹು ಪ್ರಾಚೀನವಾದುದು. ಇಲ್ಲಿಯ ಲೇಖಕರು ತೆರಪಿನ ಸ್ಥಾನದಲ್ಲಿ ಒಂದು ಶಬ್ದವನ್ನೇ ಇರಿಸಿದರು. ಅದು ‘ಅಮುಕ’, ಎಂದರೆ ‘ಇಂಥವನು’. ಏಳನೆಯ ಶತಮಾನದ ಫ್ರಾಂಕ್ ದೇಶದಲ್ಲಿ ಮಾರ್ಕುಲ್ಫನೆಂಬ ಸನ್ಯಾಸಿಯು ರಚಿಸಿದ ಲ್ಯಾಟಿನ್ ಮಾದರಿಪತ್ರಗಳಲ್ಲಿ ‘ಇಲ್ಲೆ’ ಎಂಬ ಸರ್ವನಾಮವು ಇದೇ ಕಾರ್ಯವನ್ನು ಮಾಡುತ್ತದೆ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಾಲಪತ್ರದ ವಿಧಿಯು ಹೇಳಲ್ಪಟ್ಟಿದೆ. ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ, ಗೋತ್ರ, ತಂದೆಯ ಹೆಸರು ಇವಿಷ್ಟೂ ಪತ್ರದಲ್ಲಿರಬೇಕು. ಬಳಿಕ ಅಮುಕನ ಮಗನಾದ ತನಗೆ ಮೇಲಣ ಬರಹವು ಸಮ್ಮತವೆಂದು ಸಾಲಗಾರನೂ, ಅಮುಕನಾದ ತಾನು ಸಾಕ್ಷಿಯೆಂದು ಸಾಕ್ಷಿಗಳೂ ಸ್ವಹಸ್ತದಿಂದ ಬರೆಯಬೇಕು. ಕಡೆಯಲ್ಲಿ ಲೇಖಕನು ತನ್ನ ಹೆಸರನ್ನು ಸೇರಿಸಬೇಕು. ಒಕ್ಕಣೆಯು ಎಲ್ಲರಿಗೂ ಸಾಮಾನ್ಯವಾದುದು. ‘ಅಮುಕ’ದ ಸ್ಥಾನವನ್ನು ತುಂಬುವ ಹೆಸರು ಮಾತ್ರ ಒಬ್ಬನದು. ಪತ್ರದ ಪ್ರಾಮಾಣ್ಯಕ್ಕೆ ಆ ಸ್ಥಾನವೇ ಆಧಾರವಾದುದರಿಂದ ಅದನ್ನು ತುಂಬುವ ಕೈಯನ್ನೂ ಸ್ಮೃತಿಯು ಗೊತ್ತುಮಾಡಿತು. ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. 1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಈ ಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದುದರಿಂದ, ಈ ವಿಧಿಯ ವಿವೇಚನೆಯು ಕನ್ನಡನಾಡಿನ ರಾಜಧಾನಿಯಲ್ಲಿಯೇ ನಡೆಯಿತೆಂಬುದು ಸ್ಮರಣೀಯವು.

ಗುಜರಾತದ ‘ಲೇಖಪದ್ಧತಿ’ಯು ಇಂತಹ ಮಾದರಿಗಳ ಸಂಗ್ರಹ. 1925ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಇದು ಪ್ರಕಟವಾಯಿತು. ಇದರಲ್ಲಿ ದೇವಗಿರಿಯ ಯಾದವ ಸಿಂಘಣನಿಗೂ ಗುಜರಾತದ ಲಾವಣ್ಯಪ್ರಸಾದನಿಗೂ ನಡೆದ ಸಂಧಿಪತ್ರವೊಂದಿದೆ. ಒಬ್ಬರು ಮತ್ತೊಬ್ಬರ ನಾಡನ್ನು ಆಕ್ರಮಿಸಬಾರದು, ಶತ್ರುಗಳು ಬಂದಾಗ ಪರಸ್ಪರ ನೆರವಾಗಬೇಕು ಎಂಬುದು ಅದರ ಸಾರ. ಕಾಲವು ವಿಕ್ರಮ ಸಂವತ್ 1288, ಎಂದರೆ ಕ್ರಿ. ಶ. 1231–32. ಸಿಂಘಣನ ಅನೇಕ ಶಾಸನಗಳು ಕನ್ನಡದಲ್ಲಿರುವುದರಿಂದ ಇದು ಕರ್ಣಾಟಕದ ಇತಿಹಾಸಕ್ಕೂ ಸಂಬಂಧಿಸಿದ ವಿಷಯವು.

ಈ ಪತ್ರವು ಚರಿತ್ರೆಯೋ, ಮಾದರಿಯೋ? ರಾಮಕೃಷ್ಣ ಗೋಪಾಲ ಭಂಡಾರಕರರು ತಮ್ಮ ದಕ್ಖನದ ಇತಿಹಾಸದಲ್ಲಿ ಇದನ್ನು ಉಪಯೋಗಿಸಿಕೊಂಡರು. ಸಿಂಘಣನು ಗುಜರಾತದ ಮೇಲೆ ದಂಡೆತ್ತಿದ ಸಂಗತಿಯನ್ನು ಸೋಮೇಶ್ವರನ ಕೀರ್ತಿಕೌಮುದಿಯೂ ಹೇಳುವುದರಿಂದ ಸಂಧಿಯು ಅಸಂಭವವಲ್ಲ. ಆದರೆ ಸಂಗ್ರಹದ ಬೇರೆ ಹಲವು ಪತ್ರಗಳಲ್ಲಿಯೂ ಅದೇ 1288 ಕಾಣುತ್ತದೆ. ಹೀಗಿರಲು ಆ ವರ್ಷವು ಸಂಧಿಯ ಕಾಲವಾಗಿರದೆ, ಸಂಗ್ರಹಕಾರನು ತೆರಪನ್ನು ತುಂಬಲು ಬಳಸಿದ ಅಂಕೆಯಾಗಿರಬಹುದು. ಸಾಲಪತ್ರದಲ್ಲಿ ಹೆಸರನ್ನು ತುಂಬಿದವನು ಅದಕ್ಕೆ ಹೊಣೆಗಾರನಾಗುತ್ತಿದ್ದನು. ಮಾದರಿಯಲ್ಲಿ ತುಂಬಿದವನಿಗೆ ಆ ಹೊಣೆಯಿಲ್ಲ.

ಆದುದರಿಂದ ಇಬ್ಬರು ಅರಸರ ನಡುವೆ ಇಂತಹ ಸಂಧಿಗಳಾಗುತ್ತಿದ್ದುವು, ಅವುಗಳ ಒಕ್ಕಣೆ ಹೀಗಿರುತ್ತಿತ್ತು ಎಂಬುದಕ್ಕೆ ಈ ಪತ್ರವು ಬಲವಾದ ಪ್ರಮಾಣ; ಈ ಸಂಧಿಯು ಆ ವರ್ಷದಲ್ಲಿಯೇ ಆಯಿತೆಂಬುದಕ್ಕೆ ಮಾತ್ರ ದುರ್ಬಲವಾದುದು. ಮಾದರಿಯಿಂದ ಇತಿಹಾಸವನ್ನು ತೆಗೆಯುವವರು ಒಕ್ಕಣೆಯನ್ನು ನಂಬಬಹುದು. ‘ಅಮುಕ’ನ ಸ್ಥಾನದಲ್ಲಿ ಕುಳಿತ ಹೆಸರನ್ನೂ ತಿಥಿಯನ್ನೂ ಬೇರೆ ಸಾಕ್ಷ್ಯವಿಲ್ಲದೆ ನಂಬಲಾಗದು.